ಭಾನುವಿನ ಪಕ್ಕದಲ್ಲಿ ಯಾರು?

ಚನ್ನರಾಯಪಟ್ಟಣ
10 ಆಗಸ್ಟ್ 2025

ಪ್ರೀತಿಯ ಭಾನು,

ನಿನ್ನ ಹಟವೇ ಗೆದ್ದಿತು. ಕ್ಯಾಟ್ ಪರೀಕ್ಷೆ ಮುಗಿಯುವವರೆಗೆ ಫೋನಿನಲ್ಲಿ ಹರಟೆ ಇಲ್ಲ, ಏನಿದ್ದರೂ ಪತ್ರ ಎಂದು ಹಾಸನದ ಹಾಸ್ಟೆಲಿಗೆ ಹೊರಡುವಾಗ ಆಣೆ ಹಾಕಿಸಿಕೊಂಡೆಯಲ್ಲ, ಇಗೋ ವಾಟ್ಸಾಪ್ ಕಿತ್ತುಹಾಕಿ ಪೆನ್ನು ಹಿಡಿದಿದ್ದೇನೆ. ಸ್ಟಾಂಪ್ ಕೊಳ್ಳಲು ಹೋದರೆ ಅಂಚೆ ಕಚೇರಿಯ ಗುಂಡಯ್ಯನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಈ ಕಾಲದಲ್ಲಿ ನನ್ನ ವಯಸ್ಸಿನ ಹುಡುಗಿ ಕವರಿಗೆ ಗೋಂದು ಹಚ್ಚಿದರೆ ಪ್ರೇಮವೇ ಇರಬೇಕು ಎಂದು ಅವರ ಲೆಕ್ಕ. ಪರೀಕ್ಷೆಗೆ ಎಂದೆ, ನಂಬಲಿಲ್ಲ.

ಒಪ್ಪಂದದಂತೆ ಈ ವಾರದ ಇಂಗ್ಲಿಷ್ ಪ್ಯಾಸೇಜ್ ಒಳಗಿದೆ. ಹೊಳೆನರಸೀಪುರದ ಕಾಲೇಜಿನಲ್ಲಿ ನಿನ್ನ ಡಬ್ಬಿಯ ಮುದ್ದೆ ಸಾರು ಉಂಡ ಋಣಕ್ಕೆ ನನ್ನ ಇಂಗ್ಲಿಷು, ನನ್ನ ದಡ್ಡತನಕ್ಕೆ ನಿನ್ನ ಲಾಜಿಕ್ ಸೆಟ್ಟು. ಪಾಲಾಕ್ಷ ಸರ್ ಕೋಚಿಂಗ್ ಕ್ಲಾಸಿನಲ್ಲಿ ಇನ್ನೂ "ಬರ್ದೇ ಇದ್ರೆ ಬಿಟ್ಟು ಮುಂದಕ್ಕೆ ಹೋಗ್ರಮ್ಮ" ಎಂದೇ ಪಾಠ ಶುರು ಮಾಡುತ್ತಾರಾ? ನಾನಂತೂ ಬಿಟ್ಟು ಬಿಟ್ಟು ಪರೀಕ್ಷೆಯ ಆಚೆ ದಡ ತಲುಪುತ್ತಿದ್ದೇನೆ.

ಆದರೆ ಈ ಸಲ ನೀನು ಬೆನ್ನು ತಟ್ಟಬೇಕು. ನಾನೇ ಒಂದು ಸೆಟ್ಟು ಮಾಡಿದ್ದೇನೆ. ಕಳೆದ ತಿಂಗಳು ನಮ್ಮ ಹೊಸ ಮನೆ ಗೃಹಪ್ರವೇಶಕ್ಕೆ ಬಂದಿದ್ದೆಯಲ್ಲ, ಆ ಊಟವನ್ನೇ ಹಿಡಿದು ಮಾಡಿದ್ದು. ಕೇಳು. ಐದು ಜನ ಅಡುಗೆಮನೆಗೆ ಮುಖ ಮಾಡಿ ಒಂದೇ ಸಾಲಿನಲ್ಲಿ ಊಟಕ್ಕೆ ಕೂತಿದ್ದಾರೆ: ಅಜ್ಜಿ, ಅನಿಲ್ ಚಿಕ್ಕಪ್ಪ, ಮನು ಅಣ್ಣ, ಚಿಕ್ಕಪ್ಪನ ಮಗಳು ದೀಪಶ್ರೀ, ನಾನು. ಅಜ್ಜಿ ಎಡತುದಿಯಲ್ಲಿದ್ದಾರೆ. ನಾನು ಸರಿಯಾಗಿ ನಡುವೆ. ಮನುವೂ ದೀಪಶ್ರೀಯೂ ಅಕ್ಕಪಕ್ಕ, ಆದರೆ ಮನು ನನ್ನ ಪಕ್ಕದಲ್ಲಿಲ್ಲ. ಭಾನು ಈ ಸಾಲಿನಲ್ಲಿಲ್ಲ. ಅವಳು ಕೂತ ಜಾಗದಿಂದ ಐವರ ಬೆನ್ನು ಮಾತ್ರ ಕಾಣುತ್ತದೆ. ಪ್ರಶ್ನೆ: ಭಾನುವಿನ ಪಕ್ಕದಲ್ಲಿ ಯಾರು?

ಈ ಪ್ರಶ್ನೆಯಲ್ಲಿ ಒಂದು ಚಮಕ್ ಇದೆ. ಉತ್ತರ ಹೊಳೆದಾಗ ನೀನು ನಗುತ್ತೀಯ.

ಪರೀಕ್ಷೆಯ ಹಿಂದಿನ ದಿನ ಮೈಸೂರಿನ ಅತ್ತೆಯ ಮನೆಯಲ್ಲಿ ಉಳಿಯುವ ವಿಷಯ ಅಪ್ಪನಿಗೆ ಹೇಳಿದ್ದೇನೆ. ನಮ್ಮ ಕಾರಿನಲ್ಲೇ ಹೋಗೋಣ.

ನಿನ್ನ
ನಿಧಿ


ಹಾಸನ
14 ಆಗಸ್ಟ್ 2025

ನಿಧಿ,

ಅಜ್ಜಿ, ಚಿಕ್ಕಪ್ಪ, ನೀನು, ದೀಪಶ್ರೀ, ಮನು. ಸಾಲು ಸರಿ ಇದೆಯಾ? ನಿನ್ನ ಚಮಕ್ಕಿನ ಉತ್ತರ: ಯಾರೂ ಇಲ್ಲ.

ನಗು ಬರಲಿಲ್ಲ.

ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ನಿನ್ನ ಪತ್ರವನ್ನು ಎರಡು ಸಲ ಓದಿದೆ. ಇವಳು ಬೇಕೆಂದೇ ಬರೆದಳಾ ಎಂದು ಒಂದು ಸಲ, ಗೊತ್ತೇ ಇಲ್ಲದೆ ಬರೆದಳಾ ಎಂದು ಇನ್ನೊಂದು ಸಲ. ಯಾವುದು ಹೆಚ್ಚು ಕೆಟ್ಟದ್ದು ಎಂದು ಇನ್ನೂ ತೀರ್ಮಾನವಾಗಿಲ್ಲ.

ನಿನ್ನ ಸೆಟ್ಟಿನಲ್ಲಿ ಮಾಹಿತಿ ಸಾಲದು. ನಾನು ತುಂಬುತ್ತೇನೆ. ಸಾಲಿನಲ್ಲಿ ಕೂತವರಿಗೆಲ್ಲ ಬಾಳೆ ಎಲೆ, ಸಾಲಿನ ಹೊರಗಿದ್ದವಳಿಗೆ ಕಾಗದದ ತಟ್ಟೆ. ನಾನು ನಿನ್ನ ಹಿಂದೆಯೇ ಒಳಗೆ ಬರುತ್ತಿದ್ದೆ. ನಿಮ್ಮಜ್ಜಿ ಚಿಕ್ಕಲಕ್ಷ್ಮಮ್ಮನವರು ನನ್ನ ಊರು ಯಾವುದು ಎಂದರು, ಹೇಳಿದೆ. ಊರಲ್ಲಿ ಯಾವ ಕಡೆ ಮನೆ ಎಂದರು, ಅದನ್ನೂ ಹೇಳಿದೆ. ಆಗ ನಿನ್ನ ಕಡೆ ತಿರುಗಿ, "ಆ ಮಗೀಗೆ ಒಳಗೆ ಸೆಕೆ ಆಯ್ತದೆ. ಜಗುಲೀಲಿ ಗಾಳಿ ಬತ್ತದೆ, ಅಲ್ಲೇ ಇಕ್ಕಿ" ಅಂದರು. ನೀನು ಪಕ್ಕದಲ್ಲೇ ಇದ್ದೆ. "ಹೌದು ಭಾನು, ಹೊರಗೆ ಆರಾಮಾಗಿರುತ್ತೆ" ಅಂದೆ. ಉಂಡ ಮೇಲೆ ತಟ್ಟೆ ಎಲ್ಲಿ ಹಾಕಬೇಕು ಎಂದು ದೀಪಶ್ರೀ ಬೆರಳು ಮಾಡಿ ತೋರಿಸಿದಳು. ಉಳಿದವರ ಎಲೆಗಳನ್ನು ಯಾರೋ ಎತ್ತಿದರು. ನನ್ನದನ್ನು ನಾನೇ ಎತ್ತಿ ಬಂದೆ.

ಅವತ್ತು ಏನೂ ಹೇಳಲಿಲ್ಲ. ನಿನ್ನ ಮನೆಯ ಹಬ್ಬದ ದಿನ ನಿನ್ನ ಮುಖ ಬಾಡುವುದು ಬೇಡ ಎಂದು ನುಂಗಿಕೊಂಡೆ. ನುಂಗಿದ್ದನ್ನು ನೀನು ಲೆಕ್ಕ ಮಾಡಿ, ಕವರಿನಲ್ಲಿಟ್ಟು, ಸ್ಟಾಂಪ್ ಹಚ್ಚಿ ನನಗೇ ಕಳಿಸಿದ್ದೀಯ.

ಮೈಸೂರಿನಲ್ಲಿ ನಿಮ್ಮ ಅತ್ತೆಯ ಮನೆಗೆ ನಾನು ಬರುವುದಿಲ್ಲ. ಅಲ್ಲಿಯೂ ಜಗಲಿ ಇರುತ್ತದೆ.

ಭಾನುಪ್ರಿಯಾ


ಚನ್ನರಾಯಪಟ್ಟಣ
20 ಆಗಸ್ಟ್ 2025

ಭಾನು,

ಒಂದು ತಮಾಷೆಯ ಲೆಕ್ಕಕ್ಕೆ ಇಷ್ಟು ದೊಡ್ಡ ರಾದ್ಧಾಂತ ಮಾಡುತ್ತೀಯ ಎಂದು ಗೊತ್ತಿರಲಿಲ್ಲ. ಬೇಜಾರಾಗಿದ್ದರೆ ಅವತ್ತೇ ನನ್ನನ್ನು ಮೂಲೆಗೆ ಕರೆದು ಹೇಳಬಹುದಿತ್ತು. ಒಂದು ತಿಂಗಳು ನಗುನಗುತ್ತಾ ಇದ್ದು ಈಗ ಪುಟಗಟ್ಟಲೆ ಬೈದರೆ ನಾನೇನು ಮಾಡಲಿ?

ಅಜ್ಜಿಗೆ ಎಂಬತ್ತು ದಾಟಿದೆ. ಅವರನ್ನು ಈಗ ತಿದ್ದಲು ಆಗುತ್ತದಾ? ನಮ್ಮ ಮನೆಯಲ್ಲಿ ಬೇರೆ ಯಾರೂ ಹಾಗಿಲ್ಲ. ಅಪ್ಪ ನಿನ್ನನ್ನು ಎಷ್ಟು ಹೊಗಳುತ್ತಾರೆ ಗೊತ್ತಾ? "ಓದೋದಂದ್ರೆ ಆ ಹುಡುಗಿ ಥರ ಓದ್ಬೇಕು" ಎಂದು ನನ್ನ ಪ್ರಾಣ ತಿನ್ನುತ್ತಾರೆ. ಇನ್ನು ನಾನು? ಮೂರು ವರ್ಷ ನಿನ್ನ ಡಬ್ಬಿಯಲ್ಲಿ ಉಂಡವಳು. ನನಗೇ ಜಾತಿ ಪಾಠ ಹೇಳುತ್ತೀಯ!

ಎರಡು ದಿನದಿಂದ ಒಂದು ಸೆಟ್ಟೂ ಬಿಡಿಸಲಾಗಿಲ್ಲ. ನಿನಗೇನು, ಕೋಪ ಮಾಡಿಕೊಂಡು ಕೂರಲು ಪುರುಸೊತ್ತಿದೆ. ನಿನ್ನ ಕಟಾಫ್ ಕಡಿಮೆ. ನನಗೆ ಒಂದೊಂದು ಪ್ರಶ್ನೆಯೂ ಲೆಕ್ಕ.

ಪ್ಯಾಸೇಜ್ ಇಟ್ಟಿದ್ದೇನೆ. ಓದು. ಸಿಟ್ಟು ಇಳಿದ ಮೇಲೆ ಬರೆ.

ನಿಧಿ


ಹಾಸನ
2 ಸೆಪ್ಟೆಂಬರ್ 2025

ಮಾನ್ಯ ನಿಧಿಯವರಿಗೆ,

ನಿಮ್ಮ ಪ್ಯಾಸೇಜನ್ನು ಹಿಂದಕ್ಕೆ ಕಳಿಸಿದ್ದೇನೆ. ಇನ್ನು ಮುಂದೆ ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ. ನನ್ನ ಕಡೆಯಿಂದಲೂ ಸೆಟ್ಟುಗಳು ಬರುವುದಿಲ್ಲ.

ಕ್ಯಾಟ್ ಅರ್ಜಿಯಲ್ಲಿ ನನ್ನ ಜಾತಿಯ ಎದುರು ನಾನೇ ಟಿಕ್ ಮಾಡಿದೆ. ನಿಮ್ಮ ಮನೆಯ ಬಾಗಿಲಲ್ಲಿ ನನ್ನನ್ನು ಕೇಳದೆಯೇ ಟಿಕ್ ಹಾಕಿದ್ದರು. ಮೊದಲನೆಯದು ಮಾತ್ರ ನಿಮಗೆ ಕಾಣಿಸಿದೆ.

ಭಾನುಪ್ರಿಯಾ ಶಿವರಾಜು


ಚನ್ನರಾಯಪಟ್ಟಣ
12 ಅಕ್ಟೋಬರ್ 2025

ಭಾನು,

ಕಟಾಫ್ ಮಾತು ಆಡಬಾರದಿತ್ತು. ಪೋಸ್ಟ್ ಮಾಡಿದ ಕೂಡಲೇ ಗೊತ್ತಾಯಿತು. ಅಂಚೆ ಡಬ್ಬಿಯೊಳಗೆ ಕೈ ಹಾಕಿ ವಾಪಸ್ ತೆಗೆಯುವ ಹಾಗಿದ್ದರೆ ತೆಗೆಯುತ್ತಿದ್ದೆ. ಆಮೇಲೆ ಎರಡು ಪತ್ರ ಬರೆದೆ, ನೀನು ಉತ್ತರಿಸಲಿಲ್ಲ. ಸೆಪ್ಟೆಂಬರ್ ಪೂರ್ತಿ ಮಾಕ್ ಟೆಸ್ಟುಗಳಲ್ಲಿ ಲಾಜಿಕ್ ಭಾಗದಲ್ಲಿ ಮುಗ್ಗರಿಸಿ ಬಿದ್ದೆ. ನೀನು ಪಕ್ಕದಲ್ಲಿ ಕೂತು ಪೆನ್ಸಿಲಿನಿಂದ ತಲೆಗೆ ಮೊಟಕದೆ ನನಗೆ ಒಂದು ಗೆರೆ ಎಳೆಯಲೂ ಬರುವುದಿಲ್ಲ.

ಅದಕ್ಕೇ ಮೊನ್ನೆ ದಸರಾ ರಜೆಯಲ್ಲಿ ನೀನು ಊರಲ್ಲಿರಬಹುದು ಎಂದು ಹೊರಟೆ. ಹೊಳೆನರಸೀಪುರ, ಅರಕಲಗೂಡು, ಅಲ್ಲಿಂದ ರಾಮನಾಥಪುರದ ಬಸ್ಸು. ದಾರಿಯುದ್ದಕ್ಕೂ ಹೊಗೆಸೊಪ್ಪು ಬೇಯಿಸುವ ವಾಸನೆ. ನೀನು ಹಾಸ್ಟೆಲಿನಲ್ಲೇ ಉಳಿದಿದ್ದೆಯಂತೆ. ನಿಮ್ಮಪ್ಪ ಹೊಗೆಸೊಪ್ಪಿನ ಹರಾಜು ಕಟ್ಟೆಗೆ ಹೋಗಿದ್ದರು, ಅಮ್ಮ ಸೊಪ್ಪು ವಿಂಗಡಿಸುವ ಕೆಲಸಕ್ಕೆ. ಮನೆಯಲ್ಲಿ ನಿಮ್ಮಜ್ಜಿ ದೊಡ್ಡಮ್ಮಜ್ಜಿ ಒಬ್ಬರೇ ಇದ್ದರು.

ಭಾನು, ಬೇಜಾರು ಮಾಡಿಕೊಳ್ಳಬೇಡ, ಒಂದು ಮಾತು ಹೇಳುತ್ತೇನೆ. ಅವರು ನನ್ನನ್ನು ಒಳಗೆ ಕರೆಯಲಿಲ್ಲ. ಹುಣಸೆಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಒಳಗಿಂದ ಹುರುಳಿ ಸಾರಿನ ಘಮ ಬರುತ್ತಿತ್ತು, ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಊಟ ಮಾಡು ಎನ್ನಲಿಲ್ಲ. ಕುಂಟುತ್ತಾ ಅಂಗಡಿಗೆ ಹೋಗಿ ಮಾವಿನ ಜ್ಯೂಸಿನ ಬಾಟಲಿ ತಂದು, "ಕುಡ್ಕೊ ತಾಯಿ. ಮುಚ್ಚಳ ನಾ ಮುಟ್ಟಿಲ್ಲ, ನೀನೇ ತಗಿ" ಅಂದರು. ಕೊರೋನಾ ಕಾಲದಿಂದ ಬಂದ ಅಭ್ಯಾಸ ಇರಬೇಕು.

ಬಸ್ಸಿನಲ್ಲಿ ಬರುತ್ತಾ ಯೋಚಿಸಿದೆ. ಹಿರಿಯರು ಎಲ್ಲ ಕಡೆಯೂ ಒಂದೇ. ನಮ್ಮಜ್ಜಿ ನಿನ್ನನ್ನು ಹೊರಗೆ ಕೂರಿಸಿದರು, ನಿಮ್ಮಜ್ಜಿ ನನ್ನನ್ನು. ಇಬ್ಬರಿಗೂ ಸಮ ಆಯಿತು. ಇನ್ನಾದರೂ ರಾಜಿಯಾಗೋಣ ಕಣೇ. ಪರೀಕ್ಷೆಗೆ ಉಳಿದಿರುವುದೇ ಸ್ವಲ್ಪ ದಿನ.

ನಿಧಿ


ಹಾಸನ
18 ಅಕ್ಟೋಬರ್ 2025

ನಿಧಿ,

ಸಮ ಆಯಿತು ಎಂದು ಬರೆದಿದ್ದೀಯ. ನಿನ್ನ ಎರಡು ಪತ್ರಗಳನ್ನು ಓದದೆ ಪೆಟ್ಟಿಗೆಗೆ ಹಾಕಿದ್ದೆ, ಇದನ್ನೂ ಹಾಗೇ ಮಾಡಬೇಕಿತ್ತು. ಓದಿಬಿಟ್ಟೆ. ಅಕ್ಷರ ಸೊಟ್ಟಗಿದ್ದರೆ ಅದು ಸಿಟ್ಟು.

ದೊಡ್ಡಮ್ಮಜ್ಜಿಗೆ ಮಂಡಿ ಸವೆದಿದೆ. ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುತ್ತಾಳೆ. ಅವಳು ಆ ಅಂಗಡಿಯವರೆಗೆ ಯಾಕೆ ನಡೆದಳು ಎಂದು ನಿನಗೆ ಅನುಮಾನವೂ ಬರಲಿಲ್ಲ. ಸೀಲ್ ಒಡೆಯದ ಬಾಟಲಿಯೇ ಯಾಕೆ? ಮುಚ್ಚಳ ಮುಟ್ಟಿಲ್ಲ ಎಂದು ಯಾಕೆ ಹೇಳಿದಳು? ಕೊರೋನಾ ಅಂತೆ!

ನಮ್ಮ ತಾತ ಮಂಚಯ್ಯ ಬದುಕಿದ್ದಾಗ ವೋಟು ಕೇಳಲು ಒಬ್ಬ ದೊಡ್ಡ ಜಮೀನಿನ ಯಜಮಾನ ನಮ್ಮ ಬಾಗಿಲಿಗೆ ಬಂದಿದ್ದನಂತೆ. ದೊಡ್ಡಮ್ಮಜ್ಜಿ ಹಾಲು ಹೊಂಚಿ, ಬೆಲ್ಲ ಹಾಕಿ, ಕಾಫಿ ಮಾಡಿ ಹೊಸ ಲೋಟದಲ್ಲಿ ಕೊಟ್ಟಳು. ಅವನು ನಗುನಗುತ್ತಾ ಈಸಿಕೊಂಡ. ಮಾತಾಡುತ್ತಾ ಬೇಲಿಯ ಕಡೆ ನಡೆದು, ಕಾಫಿಯನ್ನು ಬುಡಕ್ಕೆ ಚೆಲ್ಲಿ, ಲೋಟವನ್ನು ಕಲ್ಲಿನ ಮೇಲಿಟ್ಟು ಹೋದ. ಅಜ್ಜಿ ಕಿಟಕಿಯಿಂದ ನೋಡಿದಳು. ಅವತ್ತಿನಿಂದ ನಿಮ್ಮಂಥ ಮನೆಯವರು ಯಾರು ಬಂದರೂ, ನಮ್ಮ ಮೇಷ್ಟ್ರಾಗಲಿ, ಬ್ಯಾಂಕಿನವರಾಗಲಿ, ಸೀಲ್ ಒಡೆಯದ್ದನ್ನೇ ಕೊಡುತ್ತಾಳೆ. ಎಳನೀರು, ಬಿಸ್ಕತ್ತಿನ ಪೊಟ್ಟಣ, ಬಾಟಲಿ. ಒಲೆಯ ಮೇಲಿನದನ್ನು ಕೊಟ್ಟು, ನೀವು ಅದನ್ನು ಚೆಲ್ಲುವುದನ್ನು ಇನ್ನೊಮ್ಮೆ ನೋಡಲು ಅವಳಿಂದ ಆಗುವುದಿಲ್ಲ.

ಅವಳು ನಿನ್ನನ್ನು ಹೊರಗಿಟ್ಟಿದ್ದಲ್ಲ. ಬೇಡ ಎನ್ನುವ ಕಷ್ಟ ನಿನಗೆ ಬಾರದ ಹಾಗೆ ನೋಡಿಕೊಂಡಳು. ನಿಮ್ಮಜ್ಜಿ ತನ್ನ ಅಡುಗೆಮನೆಯನ್ನು ನನ್ನಿಂದ ಕಾಪಾಡಿಕೊಂಡರು. ನಮ್ಮಜ್ಜಿ ನಿನ್ನ ಮರ್ಯಾದೆಯನ್ನು ಕಾಪಾಡಿದಳು. ಇದು ನಿನಗೆ ಸಮ. ಲಾಜಿಕ್ ಭಾಗದಲ್ಲಿ ನೀನು ಮುಗ್ಗರಿಸದೆ ಇನ್ನೇನಾಗುತ್ತದೆ?

ಕುರ್ಚಿ ನಮ್ಮದಲ್ಲ, ಪಕ್ಕದ ಮನೆಯಿಂದ ತಂದದ್ದು. ನಮ್ಮ ಮನೆಗೆ ಬಂದವರು ಚಾಪೆಯ ಮೇಲೆ ಕೂರುತ್ತಾರೆ.

ಭಾನು


ಚನ್ನರಾಯಪಟ್ಟಣ
9 ನವೆಂಬರ್ 2025

ಭಾನು,

ಇದರಲ್ಲಿ ಸಮಜಾಯಿಷಿ ಇಲ್ಲ. ಆದದ್ದನ್ನು ಬರೆಯುತ್ತೇನೆ.

ಹೋದ ವಾರ ಮತ್ತೆ ನಿಮ್ಮೂರಿಗೆ ಹೋದೆ. ದೊಡ್ಡಮ್ಮಜ್ಜಿ ನನ್ನನ್ನು ಕಂಡ ಕೂಡಲೇ ಸೆರಗಿನ ಗಂಟು ಬಿಚ್ಚುತ್ತಾ ಅಂಗಡಿಗೆ ಹೊರಟರು. ಅಡ್ಡ ನಿಂತೆ. ಬಾಟಲಿ ಬೇಡ ಅಜ್ಜಿ, ಮುದ್ದೆ ಇಕ್ಕಿ, ಹಸಿವಾಗಿದೆ ಎಂದೆ. ಅವರು ನನ್ನ ಮುಖ ನೋಡಿದರು. ನಗಲಿಲ್ಲ, ಕರಗಲೂ ಇಲ್ಲ. ಒಳಗೆ ಹೋಗಿ ತಟ್ಟೆ ತರುತ್ತಾರೆ ಎಂದುಕೊಂಡೆ. ಅಲ್ಲೇ ನಿಂತು ಕೇಳಿದರು:

"ನಿಮ್ಮನೇಲಿ ಏಳ್ಬುಟ್ಟು ಬಂದಿದ್ದೀಯಾ?"

ಇಲ್ಲ, ಹೇಳದೆ ಬಂದಿದ್ದೇನೆ ಎಂದೆ.

"ಏಳ್ಬುಟ್ಟು ಬಾ ಮಗಾ. ಕದ್ದು ಉಣ್ಣಾಕೆ ನಮ್ಮನೆ ಮುದ್ದೆ ಏನು ಕಳ್ಳ ಮಾಲಾ? ಏಳ್ಬುಟ್ಟು ಬಾ, ಒಳೀಕೆ ಕುಂಡ್ರಿಸಿ ಇಕ್ಕುತೀನಿ."

ನನಗೆ ಸಿಟ್ಟು ಬಂತು ಭಾನು. ನಿಜ ಹೇಳುತ್ತೇನೆ. ಅಷ್ಟು ದೂರದಿಂದ ಬಂದು, ಬಾಯಿಬಿಟ್ಟು ಕೇಳಿದರೂ ಒಂದು ಮುದ್ದೆ ಹಾಕಲಿಲ್ಲವಲ್ಲ ಎಂದು. ಅರಕಲಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಇಡ್ಲಿ ತಿಂದು ಬಂದೆ.

ಮನೆಗೆ ಬಂದು ಒಂದು ವಾರವಾಯಿತು. ದಿನಾ ಊಟಕ್ಕೆ ಕೂತಾಗ ಹೇಳಬೇಕು ಎಂದುಕೊಳ್ಳುತ್ತೇನೆ. ಅಜ್ಜಿ ತುಪ್ಪ ಬಡಿಸುತ್ತಾರೆ, ಅಪ್ಪ ಮಾಕ್ ಟೆಸ್ಟಿನ ಅಂಕ ಕೇಳುತ್ತಾರೆ, ಹೊತ್ತು ಕಳೆದುಹೋಗುತ್ತದೆ. ಪರೀಕ್ಷೆ ಮುಗಿಯಲಿ, ಆಮೇಲೆ ಹೇಳುತ್ತೇನೆ. ಈಗ ಮನೆಯಲ್ಲಿ ಗಲಾಟೆ ಎಬ್ಬಿಸಿದರೆ ಎರಡು ವರ್ಷದ ಓದು ನೀರಿಗೆ ಬೀಳುತ್ತದೆ. ನಿನಗೂ ಅರ್ಥವಾಗುತ್ತದಲ್ಲವಾ?

ನಿಧಿ


ಹಾಸನ
13 ನವೆಂಬರ್ 2025

ನಿಧಿ,

ಅರ್ಥವಾಗುತ್ತದೆ. ಪಾಲಾಕ್ಷ ಸರ್ ಹೇಳಿಕೊಟ್ಟದ್ದನ್ನು ನೀನು ಚೆನ್ನಾಗಿ ಕಲಿತಿದ್ದೀಯ. ಕಷ್ಟವಾದದ್ದನ್ನು ಬಿಟ್ಟು ಮುಂದಕ್ಕೆ ಹೋಗುವುದು.

ನನಗೂ ನವೆಂಬರ್ ಮೂವತ್ತಕ್ಕೇ ಪರೀಕ್ಷೆ. ಜುಲೈಯಿಂದ ನಾನು ಇದನ್ನು ಹೊತ್ತುಕೊಂಡೇ ಓದುತ್ತಿದ್ದೇನೆ. ಇಂಗ್ಲಿಷ್ ಪ್ಯಾಸೇಜ್ ಬಿಡಿಸುವಾಗ ಒಂದೊಂದು ಸಲ ಸಾಲುಗಳ ನಡುವೆ ಕಾಗದದ ತಟ್ಟೆ ಕಾಣುತ್ತದೆ. ನನ್ನ ಓದು ನೀರಿಗೆ ಬೀಳುತ್ತದೆ ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಯೋಚಿಸಿದ್ದರಾ?

ಮೂರು ವರ್ಷ ನನ್ನ ಡಬ್ಬಿಯಲ್ಲಿ ಉಂಡೆ ಎಂದು ಎಷ್ಟು ಜಂಭದಿಂದ ಬರೆದಿದ್ದೆ. ಅದನ್ನು ಮನೆಯಲ್ಲಿ ಒಂದು ದಿನವಾದರೂ ಹೇಳಿದ್ದೆಯಾ? ನಮ್ಮಜ್ಜಿಗೆ ಅದು ಗೊತ್ತಿಲ್ಲ. ಆದರೂ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾಳೆ.

ಉತ್ತರ ಇಲ್ಲದಿದ್ದರೆ ಇನ್ನು ಬರೆಯಬೇಡ.

ಭಾನು


ಚನ್ನರಾಯಪಟ್ಟಣ
24 ನವೆಂಬರ್ 2025

ಭಾನು,

ಹೇಳಿದೆ.

ನಿನ್ನೆ ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ. ಗೃಹಪ್ರವೇಶದ ದಿನ ನಾವು ಮಾಡಿದ್ದು ತಪ್ಪು ಎಂದು ಶುರು ಮಾಡಿದೆ. ಅಪ್ಪ ಅನ್ನ ಕಲಸುತ್ತಲೇ "ಪರೀಕ್ಷೆ ಟೆನ್ಷನ್ ಕಣವ್ವ, ಮಜ್ಜಿಗೆ ಕುಡಿ" ಎಂದರು. ಮನು ನಕ್ಕ. ಆಗ ನನಗೆ ಮೈಯೆಲ್ಲ ಉರಿಯಿತು. ನಿನ್ನ ಹೆಸರು ಹಿಡಿದು ಹೇಳಿದೆ. ಜಾತಿ ಹೇಳಿದೆ, ಕಾಗದದ ತಟ್ಟೆ ಹೇಳಿದೆ. ಮೂರು ವರ್ಷ ಅವಳ ಮನೆಯ ಮುದ್ದೆ ಉಂಡೇ ಬೆಳೆದಿದ್ದೇನೆ, ಇನ್ನು ಮೇಲೆ ಅವಳ ಮನೆಗೇ ಹೋಗಿ ಉಣ್ಣುತ್ತೇನೆ, ನಿಮಗೆ ತಿಳಿಸಿಯೇ ಹೋಗುತ್ತೇನೆ ಎಂದೆ.

ಅಮ್ಮ ನೀರು ತರುತ್ತೇನೆಂದು ಎದ್ದವಳು ವಾಪಸ್ ಬರಲೇ ಇಲ್ಲ. ಅಜ್ಜಿ ಎಲೆ ಮಡಚಿದರು. "ಅಂಗಾರೆ ಇನ್ಮೇಲೆ ನನ್ನ ಒಲೆ ತಾವ ಬರಬ್ಯಾಡ" ಅಂದರು. ಸಿಟ್ಟಿನ ಮಾತು ಎಂದುಕೊಂಡಿದ್ದೆ. ಸಂಜೆ ನನ್ನ ತಟ್ಟೆಯನ್ನು ಜಗಲಿಯಲ್ಲಿ ಇಟ್ಟಿದ್ದರು. ನಿನಗೆ ಬುದ್ಧಿ ಬರುವವರೆಗೆ ಅಲ್ಲೇ ಎಂದರು. ಯಾರನ್ನೂ ನೋಯಿಸಬೇಡ, ಪರೀಕ್ಷೆ ಮುಗಿಸು ಎಂದು ಅಪ್ಪ ಪಿಸುಗುಟ್ಟಿ ಒಳಗೆ ಹೋದರು. ಅಷ್ಟು ಹೊಗಳುತ್ತಿದ್ದವರು, ನಿನ್ನ ಪರವಾಗಿ ಒಂದು ಮಾತೂ ಆಡಲಿಲ್ಲ.

ಈಗ ಜಗಲಿಯಲ್ಲೇ ಕೂತು ಬರೆಯುತ್ತಿದ್ದೇನೆ. ಒಳಗಿನಿಂದ ನಗು ಕೇಳುತ್ತದೆ, ಯಾರ ಮುಖವೂ ಕಾಣುವುದಿಲ್ಲ. ಇಲ್ಲಿ ಗಾಳಿ ಬರುವುದಿಲ್ಲ ಭಾನು. ಎದುರಿಗೆ ಹೊಸ ಕಾಂಪೌಂಡ್ ಗೋಡೆ ಇದೆ. ಗೃಹಪ್ರವೇಶದ ದಿನವೂ ಇತ್ತು. ದಿನಾ ಅದರ ಪಕ್ಕದಲ್ಲೇ ಓಡಾಡಿದ್ದೇನೆ.

ನನಗೆ ಬಂದಿರುವುದು ನಾಲ್ಕು ದಿನದ ಶಿಕ್ಷೆ, ನಿನ್ನದು ನಾಲ್ಕು ದಿನದ್ದಲ್ಲ. ಸಮ ಎಂದು ಇನ್ನು ಬರೆಯುವುದಿಲ್ಲ.

ಪರೀಕ್ಷೆಯಾದ ಮುಂದಿನ ಭಾನುವಾರ, ಡಿಸೆಂಬರ್ ಏಳಕ್ಕೆ, ನಿಮ್ಮೂರಿಗೆ ಬರಲಾ? ಹೇಳಿಯೇ ಬರುತ್ತಿದ್ದೇನೆ ಎಂದು ದೊಡ್ಡಮ್ಮಜ್ಜಿಗೆ ತಿಳಿಸು.

ನಿಧಿ


ರಾಮನಾಥಪುರ
3 ಡಿಸೆಂಬರ್ 2025

ನಿಧಿ,

ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದೇನೆ. ಮೈಸೂರಿನಲ್ಲಿ ಸೆಂಟರಿನ ಗೇಟಿನ ಹತ್ತಿರ ನೀನು ಕೈ ಎತ್ತಿದ್ದು ನೋಡಿದೆ. ನಾನು ಎತ್ತಲಿಲ್ಲ. ನೋಡಲಿಲ್ಲ ಎಂದುಕೊಳ್ಳಬೇಡ, ನೋಡಿಯೇ ಎತ್ತಲಿಲ್ಲ. ಇಂಗ್ಲಿಷ್ ಭಾಗ ಕೈಕೊಡಲಿಲ್ಲ. ನಿನ್ನ ಪ್ಯಾಸೇಜ್ ಇಲ್ಲದೆಯೂ ಬರುತ್ತದೆ ಎಂದು ತೋರಿಸಲು ಹಟಕ್ಕೆ ಬಿದ್ದು ಓದಿದ್ದೆ. ಫಲಿತಾಂಶ ಬಂದಾಗ ನಿನ್ನ ಅಂಕದ ಪಕ್ಕ ನನ್ನದನ್ನು ಇಟ್ಟು ಕಟಾಫ್ ಹುಡುಕಬೇಡ.

ನಿನ್ನ ಪತ್ರವನ್ನು ದೊಡ್ಡಮ್ಮಜ್ಜಿಗೆ ಓದಿ ಹೇಳಿದೆ. ಜಗಲಿಯ ಸಂಗತಿ ಬಂದಾಗ "ಅಯ್ಯೋ ಕೂಸೇ" ಅಂದಳು. ನನಗೆ ಮೈಯೆಲ್ಲ ಉರಿಯಿತು. ನನ್ನ ಕಾಗದದ ತಟ್ಟೆಯ ವಿಷಯ ಹೇಳಿದಾಗ ಅವಳು ಅಯ್ಯೋ ಎಂದಿರಲಿಲ್ಲ. ಅದು ಅವಳಿಗೆ ಹೊಸದಲ್ಲ. ನಿನ್ನದು ಹೊಸದು.

ಅವಳು ಆಗಲೇ ರಾಗಿ ಬೀಸಲು ಕಳಿಸಿದ್ದಾಳೆ. ಮುದ್ದೆ, ಹುರುಳಿ ಸಾರು. ಚಾಪೆ ಒಳಗೆ, ಒಲೆಯ ಎದುರಿಗೆ. ಪಕ್ಕದ ಮನೆಯ ಕುರ್ಚಿ ತರುವುದಿಲ್ಲ.

ನನ್ನ ಸಿಟ್ಟು ಇಳಿದಿಲ್ಲ. ಅವತ್ತಿಗೆ ಇಳಿದಿರುತ್ತದೆ ಎಂದೂ ಮಾತು ಕೊಡುವುದಿಲ್ಲ. ಬಡಿಸುವುದು ಅಜ್ಜಿ, ನಾನಲ್ಲ. ನಾನು ನಿನ್ನನ್ನು ಮಾತಾಡಿಸದೆಯೂ ಇರಬಹುದು. ಆದರೆ ಚಾಪೆ ಒಂದೇ ಇರುವುದು, ನಾನೂ ಅದರ ಮೇಲೇ ಕೂರಬೇಕು.

ಬಸ್‌ಸ್ಟ್ಯಾಂಡಿನಲ್ಲಿ ಇಡ್ಲಿ ತಿನ್ನಬೇಡ. ಹಸಿದುಕೊಂಡು ಬಾ.

ಭಾನು